ಯಾವ ಬಟ್ಟೆ ಎನ್ನುವ ಮೊದಲು, ಎಷ್ಟು ಬಟ್ಟೆ?

ಪ್ರಶ್ನೆ: ಮೇಡಂ, ನಾನು ಫ್ಯಾಶನ್ ಡಿಸೈನ್ ಕೊನೆಯ ವರ್ಷದ ವಿದ್ಯಾರ್ಥಿನಿ. ಮುಂದೆ ನನ್ನದೇ ಒಂದು ಪುಟ್ಟ ಬ್ರ್ಯಾಂಡ್ ಕಟ್ಟಬೇಕು, ನೆಲ-ನೀರಿಗೆ ಕೇಡಾಗದ, ಹೊಲಿದವರ ಹೊಟ್ಟೆಗೆ ಹೊಡೆಯದ ಉಡುಪು ಮಾಡಬೇಕು ಎಂಬ ಆಸೆ. ಪದವಿಯ ಕಲೆಕ್ಷನ್ ಕೂಡ ‘ಸಸ್ಟೇನಬಲ್’ ವಿಷಯದ ಮೇಲೆಯೇ ಮಾಡುತ್ತಿದ್ದೇನೆ. ಬಿದಿರಿನ ಬಟ್ಟೆ, ಆರ್ಗ್ಯಾನಿಕ್ ಹತ್ತಿ, ಬಾಟಲಿಯಿಂದ ತಯಾರಾದ ಪಾಲಿಯೆಸ್ಟರ್ – ಇವುಗಳಲ್ಲಿ ಯಾವುದನ್ನು ಆರಿಸಲಿ? ಒಂದು ದೊಡ್ಡ ಫಾಸ್ಟ್ ಫ್ಯಾಶನ್ (ಅಗ್ಗದ ಉಡುಪನ್ನು ರಾಶಿರಾಶಿಯಾಗಿ, ಬೇಗ ಬೇಗ ಹೊರತರುವ) ಕಂಪನಿಯಿಂದ ಇಂಟರ್ನ್‌ಶಿಪ್‌ಗೆ ಕರೆ ಬಂದಿದೆ. ಹೋದರೆ ನನ್ನ ಮಾತಿಗೆ ನಾನೇ ದ್ರೋಹ ಮಾಡಿದ ಹಾಗಲ್ಲವೆ? ನಿಜ ಹೇಳಬೇಕೆಂದರೆ ನನ್ನ ಬೀರುವಿನಲ್ಲಿ ಅರ್ಧದಷ್ಟು ಆನ್‌ಲೈನಿನಲ್ಲಿ ಅಗ್ಗಕ್ಕೆ ಕೊಂಡ ಬಟ್ಟೆಗಳೇ. ಕಂಕುಳಲ್ಲಿ ಹರಿದ ಒಂದು ಪಾಲಿಯೆಸ್ಟರ್ ಜಾಕೆಟ್ ಅಂತೂ ಮೂರು ತಿಂಗಳಿಂದ ಕುರ್ಚಿಯ ಬೆನ್ನಿಗೆ ನೇತಾಡುತ್ತಿದೆ. ಪೋರ್ಟ್‌ಫೋಲಿಯೊದಲ್ಲಿ ‘ನನ್ನ ದೃಷ್ಟಿಕೋನ’ ಎಂದು ಒಂದು ಪುಟ ಬರೆಯಬೇಕು. ಏನು ಬರೆದರೂ ಬೂಟಾಟಿಕೆ ಅನಿಸುತ್ತಿದೆ.

ಉತ್ತರ: ಮೊದಲು ಬೀರುವಿನ ವಿಷಯ ಮುಗಿಸಿಬಿಡೋಣ, ಅದು ಸುಲಭ. ಅಲ್ಲಿರುವ ಅಗ್ಗದ ಬಟ್ಟೆಗಳನ್ನು ತೆಗೆದು ಬಿಸಾಡಬೇಡಿ. ಅವನ್ನು ಬೆಳೆದು, ನೂತು, ನೇಯ್ದು, ಬಣ್ಣ ಹಾಕಿ, ಹೊಲಿಯುವುದಕ್ಕೆ ಆದ ಖರ್ಚೆಲ್ಲ ಆಗಿಹೋಗಿದೆ. ಈಗ ಅವನ್ನು ಹೊರಹಾಕಿ ‘ಹಸಿರು’ ಬಟ್ಟೆ ತಂದು ತುಂಬಿದರೆ ಎರಡು ಬೀರು ಬಟ್ಟೆಯ ಭಾರ ನಿಮ್ಮ ಲೆಕ್ಕಕ್ಕೆ ಬೀಳುತ್ತದೆ. ಹರಿಯುವ ತನಕ ಉಡಿ. ತಣ್ಣೀರಿನಲ್ಲಿ ಒಗೆಯಿರಿ, ಹಗ್ಗದ ಮೇಲೆ ಒಣಗಿಸಿ. ನಾಚಿಕೆಪಡುವಂಥದ್ದು ಇದರಲ್ಲಿ ಏನೂ ಇಲ್ಲ.

ಇನ್ನು ‘ಯಾವ ಬಟ್ಟೆ’ ಎಂಬ ಪ್ರಶ್ನೆ. ನನ್ನ ತರಗತಿಯಲ್ಲೂ ವರ್ಷ ವರ್ಷ ಇದೇ ಪ್ರಶ್ನೆ ಮೊದಲು ಬರುತ್ತದೆ. ಬಿದಿರಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಅದರ ಹೆಸರಿನಲ್ಲಿ ನಡೆದಷ್ಟು ಮೋಸ ಬೇರೆ ನಾರಿನ ಹೆಸರಿನಲ್ಲಿ ನಡೆದಿಲ್ಲ ಅನಿಸುತ್ತದೆ. ಮೆತ್ತಗೆ ಜಾರುವ, ‘ಬಿದಿರಿನದು’ ಎಂದು ಮಾರುವ ಬಟ್ಟೆ ಬಹುಪಾಲು ವಿಸ್ಕೋಸ್, ಅಂದರೆ ರೇಯಾನಿನ ಒಂದು ಬಗೆ. ಬಿದಿರಿನ ತಿರುಳನ್ನು ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್ ಹಾಕಿ ಕರಗಿಸಿ, ಆಮ್ಲದ ತೊಟ್ಟಿಯೊಳಗೆ ಸಣ್ಣ ರಂಧ್ರಗಳಿಂದ ಎಳೆಯಾಗಿ ಹೊರಡಿಸುತ್ತಾರೆ. ಕಾರ್ಬನ್ ಡೈಸಲ್ಫೈಡ್ ಅಲ್ಲಿ ದುಡಿಯುವವರ ನರಮಂಡಲಕ್ಕೆ ವಿಷ. ಇಷ್ಟೆಲ್ಲ ಆದ ಮೇಲೆ ಆ ಎಳೆಯಲ್ಲಿ ಬಿದಿರಿನ ಗುಣ ಎಂದು ಹೇಳಿಕೊಳ್ಳುವಂಥದ್ದು ಉಳಿದಿರುವುದಿಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಿಂದಲೇ ಇದರ ಬೆನ್ನು ಹತ್ತಿದೆ. 2022ರಲ್ಲಿ ರೇಯಾನನ್ನು ಬಿದಿರು ಎಂದು ಮಾರಿದ್ದಕ್ಕೆ ಎರಡು ದೊಡ್ಡ ಚಿಲ್ಲರೆ ಕಂಪನಿಗಳ ಮೇಲೆ ಒಟ್ಟು 55 ಲಕ್ಷ ಡಾಲರ್ ದಂಡ ಬಿತ್ತು. ಮರದ ತಿರುಳಿನದೇ ಎಳೆ ಬೇಕಿದ್ದರೆ ಲಯೋಸೆಲ್ ವಾಸಿ. ಅದರಲ್ಲಿ ಕರಗಿಸಲು ಬಳಸುವ ದ್ರಾವಕವನ್ನು ಶೇ. 99ಕ್ಕೂ ಹೆಚ್ಚು ಪಾಲು ಹಿಡಿದು ಮತ್ತೆ ಬಳಸುತ್ತಾರೆ.

ಬಾಟಲಿಯ ಪಾಲಿಯೆಸ್ಟರ್ ಕೇಳಲು ಚೆಂದ. ಆದರೆ ಪ್ಲಾಸ್ಟಿಕ್ ಬಾಟಲಿ ಮತ್ತೆ ಬಾಟಲಿಯಾಗಿ ಹಲವು ಸುತ್ತು ಬರಬಲ್ಲದು. ಅದನ್ನು ಒಮ್ಮೆ ಅಂಗಿ ಮಾಡಿದರೆ ಆ ಸುತ್ತು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಅಂಗಿಯಿಂದ ಮತ್ತೆ ಅಂಗಿ ಆಗುವುದು ತೀರ ಅಪರೂಪ. ಒಗೆದಾಗ ಉದುರುವ ಸೂಕ್ಷ್ಮ ಎಳೆಗಳಿಗಂತೂ ತಾವು ಹೊಸವೋ ಹಳೆಯವೋ ಎಂಬ ಭೇದವಿಲ್ಲ. ಹತ್ತಿಯ ವಿಷಯದಲ್ಲಿ, ನಿಮ್ಮ ಪೋಸ್ಟರಿನಲ್ಲಿ ‘ಒಂದು ಟೀ-ಶರ್ಟಿಗೆ 2,700 ಲೀಟರ್ ನೀರು’ ಎಂದು ಬರೆದಿದ್ದರೆ ದಯವಿಟ್ಟು ಅಳಿಸಿ. ಅದೊಂದು ಸರಾಸರಿ, ಮಳೆನೀರೂ ಅದರಲ್ಲಿ ಸೇರಿದೆ. ಮಳೆಯಾಶ್ರಿತ ಹೊಲದ ಹತ್ತಿಯೂ ಒಣ ನಾಡಿನಲ್ಲಿ ಕಾಲುವೆ ತೋಡಿ ಬೆಳೆದ ಹತ್ತಿಯೂ ಒಂದೇ ಅಲ್ಲ. ಎರಡನೆಯದು ಏನು ಮಾಡಬಲ್ಲದು ಎಂಬುದಕ್ಕೆ ಅರಾಲ್ ಸಮುದ್ರ ಸಾಕ್ಷಿ. 1960ರ ದಶಕದಿಂದ ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ಹತ್ತಿಯ ಹೊಲಗಳತ್ತ ತಿರುಗಿಸುತ್ತ ಹೋದರು. ಪ್ರಪಂಚದ ನಾಲ್ಕನೆಯ ದೊಡ್ಡ ಸರೋವರ ಬಹುಪಾಲು ಉಪ್ಪಿನ ಬಯಲಾಯಿತು. ಹಾಗಾಗಿ ‘ಹತ್ತಿಯೇ’ ಎಂದು ಕೇಳಿದರೆ ಸಾಲದು. ಎಲ್ಲಿಯದು, ಯಾರ ನೀರಿನದು ಎಂದೂ ಕೇಳಬೇಕು.

ಹತ್ತಿ-ಪಾಲಿಯೆಸ್ಟರ್ ಬೆರಕೆಯ ಬಗ್ಗೆ ಒಂದೇ ಮಾತು. ಬೆರಸುವುದು ಸುಲಭ, ಬಿಡಿಸುವುದು ಕಷ್ಟ. ಅದರ ಮೇಲೆ ಎರಡು-ಮೂರು ಶೇಕಡ ಇಲಾಸ್ಟೇನ್ (ಹಿಗ್ಗುವ ಎಳೆ) ಸೇರಿತೋ, ಮರುಬಳಕೆ ಘಟಕದವರು ಕೈ ಮುಗಿಯುತ್ತಾರೆ. ಶುದ್ಧ ಹತ್ತಿಯನ್ನೂ ಚಿಂದಿಯಾಗಿ ಹಿಂಜಿದಾಗ ಎಳೆ ಮೋಟಾಗುತ್ತದೆ, ಹೊಸ ಅರಳೆ ಬೆರೆಸದೆ ಗಟ್ಟಿ ನೂಲು ಬರುವುದಿಲ್ಲ. (ಸಹಜ ಬಣ್ಣ ಎಂದ ಮಾತ್ರಕ್ಕೆ ನಿರಪಾಯ ಎಂದೂ ತಿಳಿಯಬೇಡಿ. ಬಣ್ಣ ಕಚ್ಚಿಸಲು ಯಾವ ಲೋಹದ ಉಪ್ಪು ಹಾಕಿದ್ದಾರೆ ಎಂದು ಕೇಳಿ ನೋಡಿ.)

ಇಷ್ಟು ಹೇಳಿದ ಮೇಲೆ ನೀವು ‘ಹಾಗಾದರೆ ಯಾವುದೂ ಬೇಡವೆ’ ಅನ್ನುತ್ತೀರಿ. ಪ್ರಶ್ನೆಯನ್ನೇ ಸ್ವಲ್ಪ ಸರಿಸಬೇಕು ಎಂಬುದು ನನ್ನ ವಾದ. ಪ್ರಪಂಚದಲ್ಲಿ 2000ರಲ್ಲಿ ತಯಾರಾದ ಜವಳಿ ನಾರು ಸುಮಾರು 5.8 ಕೋಟಿ ಟನ್. 2023ರಲ್ಲಿ 12.4 ಕೋಟಿ ಟನ್. ಈ ಅವಧಿಯಲ್ಲಿ ಜನಸಂಖ್ಯೆ ಹೆಚ್ಚಿದ್ದು ಮೂರನೇ ಒಂದರಷ್ಟು, ನಾರು ಮಾತ್ರ ಎರಡು ಪಟ್ಟು ದಾಟಿತು. 2023ರ ಆ ರಾಶಿಯಲ್ಲಿ ಪಾಲಿಯೆಸ್ಟರ್ ಒಂದೇ ಶೇ. 57. ಹಳೆಯ ಬಟ್ಟೆ, ಕತ್ತರಿಸಿ ಉಳಿದ ಚೂರು ಇವುಗಳಿಂದ ಮರಳಿ ಬಂದ ನಾರು ಶೇ. 1ಕ್ಕೂ ಕಡಿಮೆ. ಒಂದೊಂದು ಕಿಲೋ ಬಟ್ಟೆಯ ಕೇಡನ್ನು ಕಾಲುಭಾಗ ತಗ್ಗಿಸಿ, ಕಿಲೋಗಳನ್ನು ದುಪ್ಪಟ್ಟು ಮಾಡಿದರೆ ಏನು ಗಿಟ್ಟಿತು? ಆದ್ದರಿಂದ ನಿಮ್ಮ ಮೊದಲ ಪ್ರಶ್ನೆ ‘ಎಷ್ಟು’ ಎಂದಿರಲಿ. ‘ಯಾವುದು’ ಅದರ ಹಿಂದೆ ಬರಲಿ.

ಇದನ್ನು ನಾನು ಓದಿ ಕಲಿತದ್ದಲ್ಲ. ನಿಮ್ಮ ವಯಸ್ಸಿಗಿಂತ ನಾಲ್ಕೈದು ವರ್ಷ ಹೆಚ್ಚಿದ್ದಾಗ ನಾನೂ ಒಂದು ‘ಶುದ್ಧ’ ಕಲೆಕ್ಷನ್ ಮಾಡಲು ಹೊರಟೆ. ಪ್ರಮಾಣಪತ್ರವಿದ್ದ ಆರ್ಗ್ಯಾನಿಕ್ ಹತ್ತಿಯೇ ಬೇಕೆಂದು ಹಟ. ಮಿಲ್ಲಿನವರು 300 ಮೀಟರಿಗಿಂತ ಕಡಿಮೆ ಕೊಡುವುದಿಲ್ಲ ಅಂದರು. ಕೊಂಡೆ. ನಲವತ್ತು ಉಡುಪು ಹೊಲಿಸಿದೆ, ಇಪ್ಪತ್ತೆಂಟು ಮಾರಾಟವಾಯಿತು. ಉಳಿದ ಥಾನು ಸುಮಾರು ಎಂಟು ವರ್ಷ ಅಟ್ಟದ ಮೇಲಿತ್ತು. ಮಡಿಕೆಗಳ ಉದ್ದಕ್ಕೂ ಹಳದಿ ಗೆರೆ ಬಿದ್ದು, ಕೊನೆಗೆ ಪ್ಯಾಟರ್ನ್ (ಉಡುಪಿನ ತುಂಡುಗಳ ಆಕಾರದ ನಕ್ಷೆ) ಪರೀಕ್ಷಿಸುವ ಕಚ್ಚಾ ಬಟ್ಟೆಯಾಗಿ ಖರ್ಚಾಯಿತು. ಪ್ರಮಾಣಪತ್ರದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ತಪ್ಪಿದ್ದು ನನ್ನ ಮೀಟರಿನ ಲೆಕ್ಕ. ಇನ್ನೊಬ್ಬರ ಆರ್ಡರಿನಲ್ಲಿ ಮಿಕ್ಕ ಅರವತ್ತು ಮೀಟರ್ ಸಾಧಾರಣ ಹತ್ತಿ ಕೊಂಡಿದ್ದರೆ ಕೆಲಸ ಆಗುತ್ತಿತ್ತು.

ನನ್ನದು ಅಟ್ಟದ ಮೇಲಿನ ತಪ್ಪು. ದೊಡ್ಡವರ ತಪ್ಪು ಬೆಂಕಿಗೆ ಹೋಗುತ್ತದೆ. ಬ್ರಿಟನ್ನಿನ ದುಬಾರಿ ಉಡುಪಿನ ಬರ್ಬೆರಿ ಕಂಪನಿ 2018ರ ತನ್ನ ವಾರ್ಷಿಕ ವರದಿಯಲ್ಲಿ, ಮಾರಾಟವಾಗದ 2.86 ಕೋಟಿ ಪೌಂಡ್ ಬೆಲೆಯ ಸರಕನ್ನು ಆ ವರ್ಷ ನಾಶಮಾಡಿದ್ದಾಗಿ ತಾನೇ ಹೇಳಿಕೊಂಡಿತ್ತು. ಗದ್ದಲವೆದ್ದ ಮೇಲೆ ಅದೇ ಸೆಪ್ಟೆಂಬರಿನಲ್ಲಿ ಸುಡುವುದನ್ನು ನಿಲ್ಲಿಸುವುದಾಗಿ ಘೋಷಿಸಿತು. ಫ್ರಾನ್ಸ್ 2020ರಲ್ಲಿ ಕಾನೂನು ತಂದು, 2022ರಿಂದ ಮಾರದ ಉಡುಪನ್ನು ನಾಶಮಾಡುವುದನ್ನು ನಿಷೇಧಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ಜಾರಿಗೆ ತಂದ ನಿಯಮದಲ್ಲಿ ದೊಡ್ಡ ಕಂಪನಿಗಳಿಗೆ ಈ ನಿಷೇಧದ ಗಡುವು 2026ರ ಜುಲೈ. ನೀವು ಕೆಲಸಕ್ಕೆ ಸೇರುವ ಹೊತ್ತಿಗೆ ‘ಎಷ್ಟು’ ಎಂಬುದು ಆದರ್ಶದ ಮಾತಾಗಿ ಉಳಿದಿರುವುದಿಲ್ಲ, ಕಾನೂನು ವಿಭಾಗದವರೇ ಕೇಳುವ ಪ್ರಶ್ನೆಯಾಗಿರುತ್ತದೆ. ದಾನ ಕೊಟ್ಟರಾಯಿತು ಎಂಬ ಸಮಾಧಾನವೂ ಬೇಡ. ಶ್ರೀಮಂತ ದೇಶಗಳು ದಾನ ಕೊಟ್ಟ ಉಡುಪು ಮೂಟೆಮೂಟೆಯಾಗಿ ಘಾನಾದ ಅಕ್ರಾದಲ್ಲಿರುವ ಕಂಟಮಾಂಟೊ ಮಾರುಕಟ್ಟೆಗೆ ಬಂದು ಬೀಳುತ್ತದೆ. ಚಿಲಿಯ ಅಟಕಾಮ ಮರುಭೂಮಿಯಲ್ಲಿ ಯಾರಿಗೂ ಬೇಡವಾದ ಬಟ್ಟೆಯ ಗುಡ್ಡಗಳೇ ಎದ್ದಿವೆ.

ಸರಿ, ನಿಮ್ಮ ಕೈಲಿರುವುದೇನು? ಪ್ಯಾಟರ್ನ್. ಇದನ್ನು ನಾನು ಎಷ್ಟು ಹೇಳಿದರೂ ವಿದ್ಯಾರ್ಥಿಗಳು ಬಟ್ಟೆಯ ಸ್ವಾಚ್‌ಗಳ (ಮಾದರಿ ತುಂಡುಗಳ) ಕಡೆಗೇ ಓಡುತ್ತಾರೆ. ಮೇಜಿನ ಮೇಲೆ ಬಟ್ಟೆ ಹಾಸಿ ಕತ್ತರಿಸುವಾಗ ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ಚೂರಾಗಿ ನೆಲಕ್ಕೆ ಬೀಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವಲ್ಲ, ಮಾರ್ಕರ್ (ತುಂಡುಗಳನ್ನು ಬಟ್ಟೆಯ ಮೇಲೆ ಜೋಡಿಸುವ ನಕ್ಷೆ) ಹಾಕುವ ಮನುಷ್ಯ ದಿನವಿಡೀ ಮಾಡುವುದು ಅದನ್ನೇ. ಅವನಿಗೆ ನೀವು ಕೊಟ್ಟ ಆಕಾರಗಳು ಒಂದಕ್ಕೊಂದು ಒಗ್ಗದಿದ್ದರೆ ಅವನು ತಾನೇ ಏನು ಮಾಡಿಯಾನು? ಗ್ರೇನ್ ಲೈನ್ (ಬಟ್ಟೆಯ ನೂಲು ಓಡುವ ದಿಕ್ಕು) ಕೆಡದ ಹಾಗೆ ಒಂದು ಹೊಲಿಗೆಯನ್ನು ಎರಡು ಸೆಂಟಿಮೀಟರ್ ಆಚೆ ಸರಿಸಿದರೆ, ಪಟ್ಟಿಯನ್ನು ಒಂದು ತುಂಡಿನ ಬದಲು ಎರಡು ತುಂಡು ಮಾಡಿದರೆ ಎಷ್ಟು ಉಳಿಯುತ್ತದೆ ಎಂದು ನೀವೇ ಮಾರ್ಕರ್ ಹಾಕಿ ನೋಡಬೇಕು. ಸೀರೆಗೆ ಕತ್ತರಿಯೇ ಬೇಡ. ಕಿಮೋನೊ ಕೂಡ ಕಿರಿದಾದ ಒಂದೇ ಸುರುಳಿಯನ್ನು ನೇರ ಗೆರೆಗಳಲ್ಲಿ ಕತ್ತರಿಸಿ ಮಾಡಿದ್ದು. ಹಿಂದೆ ಅದರ ಹೊಲಿಗೆ ಬಿಚ್ಚಿ, ತುಂಡುಗಳನ್ನು ತೊಳೆದು, ಮತ್ತೆ ಹೊಲಿಯುತ್ತಿದ್ದರು. ಎರಡನ್ನೂ ನಕಲು ಮಾಡಬೇಕಿಲ್ಲ, ಆ ಲೆಕ್ಕ ಅರ್ಥವಾದರೆ ಸಾಕು. ಒಂದು ಎಚ್ಚರಿಕೆಯನ್ನೂ ಹೇಳಿಬಿಡುತ್ತೇನೆ. ‘ಜೀರೊ ವೇಸ್ಟ್’ ಹೆಸರಿನಲ್ಲಿ ಪ್ರದರ್ಶನಕ್ಕೆ ಬರುವ ಎಷ್ಟೋ ಉಡುಪುಗಳನ್ನು ಹೊಲಿದವರೇ ಎರಡನೇ ಸಲ ಹಾಕುವುದಿಲ್ಲ. ಚೂರು ಉಳಿಯಲಿಲ್ಲ, ನಿಜ. ಉಡುಪೇ ಪೂರ್ತಿ ವೇಸ್ಟ್ ಆಯಿತು.

ಇನ್ನೊಂದು ವಿಷಯ, ಹೊಲಿಗೆಯ ಅಂಚು, ಅಂದರೆ ಹೊಲಿಗೆಯಾಚೆ ಬಿಡುವ ಬಟ್ಟೆ. ಕಾರ್ಖಾನೆಯಲ್ಲಿ ಒಂದು ಸೆಂಟಿಮೀಟರ್ ಬಿಟ್ಟು ಓವರ್‌ಲಾಕ್ ಹೊಡೆದು ಮುಗಿಸುತ್ತಾರೆ, ಬಟ್ಟೆ ಉಳಿಯಲಿ ಅಂತ. ಆ ಉಡುಪನ್ನು ಮುಂದೆ ಯಾರೂ ಸಡಿಲ ಮಾಡುವಂತಿಲ್ಲ. ಪ್ಯಾಂಟಿನ ಹಿಂಭಾಗದ ನಡುಹೊಲಿಗೆಯಲ್ಲಿ, ಪಕ್ಕದ ಹೊಲಿಗೆಯಲ್ಲಿ ಎರಡೂವರೆ ಸೆಂಟಿಮೀಟರ್, ಕೆಳ ಅಂಚಿನಲ್ಲಿ ನಾಲ್ಕೈದು ಸೆಂಟಿಮೀಟರ್ ಬಿಡಿ. ತೂಕ ಹೆಚ್ಚಿದಾಗ, ಮಕ್ಕಳಾದಾಗ, ತಂಗಿಗೆ ಕೊಟ್ಟಾಗ ಅದು ಕೆಲಸಕ್ಕೆ ಬರುತ್ತದೆ. ಹೌದು, ಇದರಿಂದ ಮಾರ್ಕರಿನಲ್ಲಿ ಬಟ್ಟೆ ಸ್ವಲ್ಪ ಹೆಚ್ಚು ಬೇಕಾಗುತ್ತದೆ; ಈಗ ತಾನೆ ಹೇಳಿದ ಉಳಿತಾಯಕ್ಕೆ ಇದು ವಿರುದ್ಧ. ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯುತ್ತೀರಿ ಎಂಬುದೇ ವಿನ್ಯಾಸ. ಆರು ತಿಂಗಳು ಬಾಳುವ ತೆಳು ಬಟ್ಟೆಗೆ ಅಗಲ ಅಂಚು ವ್ಯರ್ಥ. ಹದಿನೈದು ವರ್ಷ ಬಾಳುವ ಕೋಟಿಗೆ ಅದಿಲ್ಲದಿದ್ದರೆ ಅನ್ಯಾಯ. ಹಾಗೆಯೇ ನೂಲು, ಲೇಬಲ್, ಒಳಪದರ, ಲೈನಿಂಗ್ ಎಲ್ಲ ಒಂದೇ ಜಾತಿಯದಾಗುತ್ತದೆಯೆ ನೋಡಿ. ಹತ್ತಿಯ ಅಂಗಿಯನ್ನು ಪಾಲಿಯೆಸ್ಟರ್ ನೂಲಿನಲ್ಲಿ ಹೊಲಿಯುವುದು ರೂಢಿ, ಅದಕ್ಕೆ ಗಟ್ಟಿತನದ ಕಾರಣವೂ ಇದೆ. ರೂಢಿಯೆಂದು ಮಾಡುವುದು ಬೇರೆ, ಕಾರಣ ತಿಳಿದು ಆರಿಸುವುದು ಬೇರೆ.

ಇಂಟರ್ನ್‌ಶಿಪ್ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಇಷ್ಟವಾಗದೇ ಹೋಗಬಹುದು. ಹೋಗಿ. ಹೊಲಿದವರಿಗೆ ಮೋಸವಾಗಬಾರದು ಎಂದು ಬರೆದಿದ್ದೀರಿ. ಆ ಮೋಸ ಎಲ್ಲಿ ಹುಟ್ಟುತ್ತದೆ ಎಂದು ಒಳಗೆ ಕೂತು ನೋಡದೆ ತಿಳಿಯುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಂಡಿತ್ತು. ಅದೇ ಕಟ್ಟಡದಲ್ಲಿದ್ದ ಬ್ಯಾಂಕ್ ತನ್ನ ನೌಕರರನ್ನು ಮನೆಗೆ ಕಳಿಸಿತ್ತು. ಉಡುಪು ಕಾರ್ಮಿಕರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಿದರು. ಕರೆಸಿದವರು ದುಷ್ಟರು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಆರ್ಡರಿನ ಗಡುವು, ತಡವಾದರೆ ಬೀಳುವ ದಂಡ, ವರ್ಷ ವರ್ಷ ಇಳಿಯುವ ದರ ಇವೆಲ್ಲ ಇಂಥ ನಿರ್ಧಾರಗಳ ಬೆನ್ನಿಗೆ ನಿಂತಿರುತ್ತವೆ. ದುರಂತದ ಮರುತಿಂಗಳೇ ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಕಟ್ಟಡ ಸುರಕ್ಷತೆಗಾಗಿ ಕಾನೂನುಬದ್ಧ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಕಾರ್ಖಾನೆಗಳ ತಪಾಸಣೆ ಅದರಿಂದ ಬಿಗಿಯಾಯಿತು. ಗಡುವಿನ ಒತ್ತಡ ಮಾತ್ರ ಹಾಗೇ ಇದೆ.

ಡಿಸೈನ್ ವಿಭಾಗದ ಟೇಬಲ್ಲಿನಲ್ಲಿ ಇದು ಹೇಗೆ ಕಾಣುತ್ತದೆ ಗೊತ್ತೆ? ಶುಕ್ರವಾರ ಸಂಜೆ ಯಾರೋ ಗುಂಡಿಯ ಬಣ್ಣ ಬದಲಿಸುತ್ತಾರೆ. ಹೊಸ ಗುಂಡಿ ಬರಲು ಹತ್ತು ದಿನ. ಸರಕು ಹೊರಡುವ ತಾರೀಕು ಮಾತ್ರ ಬದಲಾಗುವುದಿಲ್ಲ. ಆ ಹತ್ತು ದಿನ ಎಲ್ಲಿಂದ ಬರಬೇಕು? ಹೊಲಿಯುವವರ ನಿದ್ದೆಯಿಂದ. ನಾನೂ ಇಂಥ ಇಮೇಲ್ ಕಳಿಸಿದ್ದೇನೆ. ಅದರ ಅರ್ಥವಾಗಿದ್ದು ಕಾರ್ಖಾನೆಯ ಕಡೆ ಕೂತು ಅಂಥದ್ದೇ ಇಮೇಲ್ ತೆರೆದಾಗ. ಆದ್ದರಿಂದ ಅಲ್ಲಿ ಹೋದಾಗ ಮೂಡ್‌ಬೋರ್ಡ್ (ಬಣ್ಣ, ಚಿತ್ರ ಅಂಟಿಸುವ ಹಲಗೆ) ಕೆಲಸಕ್ಕಷ್ಟೇ ಅಂಟಿಕೊಳ್ಳಬೇಡಿ. ಆರ್ಡರ್, ದರ, ಗಡುವು ನೋಡಿಕೊಳ್ಳುವ ಮರ್ಚಂಡೈಸರ್ ಪಕ್ಕ ಕೂರಲು ಕೇಳಿ. ಒಂದು ಅಂಗಿಗೆ ಎಷ್ಟು ನಿಮಿಷದ ಹೊಲಿಗೆ ಎಂದು ಲೆಕ್ಕ ಹಾಕುತ್ತಾರೆ, ಆ ನಿಮಿಷಕ್ಕೆ ಎಷ್ಟು ಬೆಲೆ ಕಟ್ಟುತ್ತಾರೆ, ಸ್ಯಾಂಪಲ್ ಎಷ್ಟು ಸುತ್ತು ಹೋಗಿ ಬರುತ್ತದೆ, ಮಾರಾಟವಾಗದ್ದು ಎಲ್ಲಿಗೆ ಹೋಗುತ್ತದೆ – ಈ ನಾಲ್ಕು ತಿಳಿದು ಬಂದರೆ ನಿಮ್ಮ ಬ್ರ್ಯಾಂಡಿಗೆ ಬೇಕಾದ ಬಂಡವಾಳದ ಅರ್ಧ ಸಿಕ್ಕ ಹಾಗೆ. ಒಂದು ಗೆರೆಯನ್ನು ಮಾತ್ರ ಮೊದಲೇ ಎಳೆದುಕೊಳ್ಳಿ. ನೀವು ಪರಿಶೀಲಿಸದ ಬಟ್ಟೆಗೆ ‘ಪರಿಸರಸ್ನೇಹಿ’ ಎಂಬ ಸಾಲು ಬರೆದುಕೊಡಲು ಹೇಳಿದರೆ ಬರೆಯಬೇಡಿ, ಆಧಾರ ತೋರಿಸಿ ಅನ್ನಿ. ಇಂಟರ್ನ್ ಕೂಡ ಅಷ್ಟು ಕೇಳಬಹುದು.

ಆಧಾರ ಎಂದಾಗ ಪ್ರಮಾಣಪತ್ರಗಳನ್ನು ಓದಲು ಕಲಿಯಬೇಕು. ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100 ಎಂದರೆ ಆ ಬಟ್ಟೆಯಲ್ಲಿ ಅಪಾಯಕಾರಿ ರಾಸಾಯನಿಕಗಳು ಮಿತಿ ಮೀರಿಲ್ಲ ಎಂದಷ್ಟೇ ಅರ್ಥ. ಹತ್ತಿ ಹೇಗೆ ಬೆಳೆಯಿತು, ಕೂಲಿ ಎಷ್ಟು ಕೊಟ್ಟರು ಎಂದು ಅದು ಹೇಳುವುದಿಲ್ಲ. ಆರ್ಗ್ಯಾನಿಕ್ ಜವಳಿಗೆ ಕೊಡುವ ಗಾಟ್ಸ್ (GOTS) ಗುರುತಿನಲ್ಲಿ ‘ಆರ್ಗ್ಯಾನಿಕ್’ ಎಂದಿದ್ದರೆ ಕನಿಷ್ಠ ಶೇ. 95 ಆರ್ಗ್ಯಾನಿಕ್ ನಾರು. ‘ಆರ್ಗ್ಯಾನಿಕ್ ನಾರು ಬಳಸಿ ತಯಾರಿಸಿದ್ದು’ ಎಂದಿದ್ದರೆ ಕನಿಷ್ಠ ಶೇ. 70. ಬಣ್ಣ ಹಾಕುವ ಘಟಕ, ಕಾರ್ಮಿಕರ ಸ್ಥಿತಿ ಕೂಡ ಅದರ ನಿಯಮಗಳೊಳಗೆ ಬರುತ್ತವೆ. ಒಂದನ್ನು ತೋರಿಸಿ ಇನ್ನೊಂದರ ಪುಣ್ಯ ಪಡೆಯುವವರು ಬೇಕಾದಷ್ಟು ಜನ.

ಬ್ರ್ಯಾಂಡ್ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಓದು ಮುಗಿದ ಕೂಡಲೆ ಬೇಡ. ಮಾಡಲೇಬೇಕಿದ್ದರೆ ಅಳತೆ ಕೊಟ್ಟು ಆರ್ಡರ್ ಮಾಡಿದವರಿಗೆ ಮಾತ್ರ ಹೊಲಿಯಿರಿ, ಜತೆಗೆ ಹಳೆಯದನ್ನು ದುರಸ್ತಿ ಮಾಡಿಕೊಡಿ. ದುರಸ್ತಿ ಕೆಲಸ ಕಲಿಸುವಷ್ಟು ಹೊಲಿಗೆಯನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಯಾವುದು ಎಲ್ಲಿ ಸೋಲುತ್ತದೆ ಎಂದು ಕಣ್ಣೆದುರೇ ಕಾಣುತ್ತದೆ. ಬೆಳೆಯುವ ಆಸೆಯನ್ನು ಏನು ಮಾಡುವುದು ಎಂಬ ಪ್ರಶ್ನೆಗೆ ನನ್ನ ಬಳಿಯೂ ಸರಳ ಉತ್ತರವಿಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ಉಡುಪು ತಯಾರಕ ಪಟಗೋನಿಯಾ ಕಂಪನಿ ‘ಈ ಜಾಕೆಟ್ ಕೊಳ್ಳಬೇಡಿ’ ಎಂದು ಪತ್ರಿಕೆಯಲ್ಲಿ ಪುಟ ತುಂಬ ಜಾಹೀರಾತು ಕೊಟ್ಟಿತು. ಮುಂದಿನ ವರ್ಷ ಅದರ ಮಾರಾಟ ಏರಿತು.

ಇನ್ನು ‘ನನ್ನ ದೃಷ್ಟಿಕೋನ’ ಪುಟ. ಬೂಟಾಟಿಕೆ ಅನಿಸುವುದು ನಿಮ್ಮ ಮನಸ್ಸಿನ ದೋಷವಲ್ಲ, ಪದಗಳ ದೋಷ. ಸಸ್ಟೇನಬಲ್, ಇಕೊ, ಕಾನ್ಷಿಯಸ್, ಎಥಿಕಲ್ – ಈ ನಾಲ್ಕೂ ಬಾರದ ಹಾಗೆ ಒಂದು ಸಲ ಬರೆದು ನೋಡಿ. ನಿಮ್ಮ ಕಲೆಕ್ಷನ್ನಿನ ಒಂದೇ ಉಡುಪು ಆರಿಸಿಕೊಳ್ಳಿ. ಹೀಗೆ ಶುರುವಾಗಲಿ: ‘ಈ ಅಂಗಿಗೆ ಎರಡು ಮೀಟರ್ ಹತ್ತಿ ಕೊಂಡೆ. ಮೊದಲ ಮಾರ್ಕರಿನಲ್ಲಿ ಶೇ. 18 ಚೂರಾಯಿತು, ತೋಳಿನ ಆಕಾರ ಬದಲಿಸಿದ ಮೇಲೆ ಶೇ. 7ಕ್ಕೆ ಇಳಿಯಿತು. ಚೂರಿನಲ್ಲಿ ಜೇಬಿನ ಒಳಪದರ ಮಾಡಿದೆ. ಹೊಲಿಯಲು ಆರು ಗಂಟೆ ಹಿಡಿಯಿತು. ಕಾಲರಿನ ಒಳಪದರ ಪಾಲಿಯೆಸ್ಟರಿನದೇ ಹಾಕಬೇಕಾಯಿತು, ಹತ್ತಿಯದು ಒಗೆದಾಗ ಮುದುಡಿತು.’ ಅಂಕಿಗಳು ನಿಮ್ಮವಿರಲಿ, ನಿಜವಿರಲಿ. ಕೊನೆಯ ಸಾಲಿನಂಥ ಸೋಲು ಒಂದಾದರೂ ಇರಲಿ. ನೂರು ಪೋರ್ಟ್‌ಫೋಲಿಯೊ ನೋಡಿ ಬೇಸತ್ತ ಸಂದರ್ಶಕರು ಆ ಸಾಲಿನಲ್ಲಿ ನಿಂತು ‘ಯಾಕೆ ಮುದುಡಿತು’ ಎಂದು ಕೇಳುತ್ತಾರೆ. ಅಲ್ಲಿಂದ ಮಾತು ಶುರುವಾಗುತ್ತದೆ.

ಉಳಿದದ್ದು ಕುರ್ಚಿಯ ಮೇಲಿನ ಜಾಕೆಟ್. ಕಂಕುಳಲ್ಲಿ ಹರಿದಿದೆ ಎಂದರೆ ಹೊಲಿಗೆ ಬಿಚ್ಚಿದೆಯೋ ಬಟ್ಟೆಯೇ ಹರಿದಿದೆಯೋ ಮೊದಲು ನೋಡಿ. ಹೊಲಿಗೆ ಮಾತ್ರವಾದರೆ ಲೈನಿಂಗ್ ಸ್ವಲ್ಪ ಬಿಚ್ಚಿ, ಒಳಗಿನಿಂದ ಸಣ್ಣ ಹೊಲಿಗೆಯಲ್ಲಿ ಎರಡು ಸುತ್ತು ಹಾಕಿದರೆ ಆಯಿತು. ಬಟ್ಟೆಯೇ ಹರಿದಿದ್ದರೆ ಅದೇ ಜಾಗದಲ್ಲಿ ಹೊಲಿಯಲು ಹೋಗಬೇಡಿ, ತೋಳು ಇನ್ನೂ ಬಿಗಿಯಾಗಿ ಮತ್ತೆ ಹರಿಯುತ್ತದೆ. ಕಂಕುಳು ತೀರ ಕೆಳಗೆ ಇಳಿದಿರುವ ಪ್ಯಾಟರ್ನಿನಲ್ಲಿ ಕೈ ಎತ್ತಿದ ಕೂಡಲೆ ಎಳೆತವೆಲ್ಲ ಆ ಒಂದು ಬಿಂದುವಿಗೆ ಬೀಳುತ್ತದೆ. ಹರಿದದ್ದನ್ನು ಚೌಕಾಕಾರವಾಗಿ ತೆಗೆದು, ಎಂಟು ಸೆಂಟಿಮೀಟರಿನ ಒಂದು ಗಸೆಟ್ (ಸಡಿಲಕ್ಕೆಂದು ಸೇರಿಸುವ ಬಟ್ಟೆ) ತುಂಡನ್ನು ವಜ್ರಾಕಾರದಲ್ಲಿ ಕೂರಿಸಿ. ಬಣ್ಣ ಹೊಂದದಿದ್ದರೂ ಪರವಾಗಿಲ್ಲ. ಬಿಚ್ಚುವ ಮೊದಲು ಒಂದು ಫೋಟೊ, ಮುಗಿದ ಮೇಲೆ ಕೈ ಎತ್ತಿ ನಿಂತು ಇನ್ನೊಂದು ಫೋಟೊ ತೆಗೆದಿಡಿ. ಎರಡೂ ಪೋರ್ಟ್‌ಫೋಲಿಯೊಗೆ ಬೇಕಾಗುತ್ತವೆ.